ಮೀನಿನ ತೊಟ್ಟಿಯ ಪೈಪು

ಬೆಡ್‌ಶೀಟಿನ ಒಂದು ತುದಿ ತಾಯಿಯ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಅಮ್ಮ ಒಂದು ಕಡೆಗೆ ತಿರುಚಿದರೆ ಪುಟ್ಟಿ ಇನ್ನೊಂದು ಕಡೆಗೆ ತಿರುಚಬೇಕು. ಬಲ ಸಾಲದೆ ಪುಟ್ಟಿಯೇ ಬೆಡ್‌ಶೀಟಿನ ಜೊತೆ ತಿರುಗಿ ಬಚ್ಚಲ ಗೋಡೆಗೆ ಒರಗುತ್ತಿದ್ದಳು.

“ಅಮ್ಮಾ, ಒಂದು ಕೇಳ್ಲಾ?”

“ಮೊದ್ಲು ಹಿಂಡು ಕಂದಾ. ನೀರೆಲ್ಲ ನಿನ್ನ ಕಾಲ ಮೇಲೇ ಸುರೀತಿದೆ ನೋಡು.”

“ಹಿಂಡ್ತಾನೇ ಕೇಳ್ತೀನಿ. ಅವತ್ತು ಇದೆಯಲ್ಲಾ...”

ಬಾಗಿಲು ದಬದಬ ಬಡಿದ ಸದ್ದು. ಕರೆಗಂಟೆ ಇರುವ ಮನೆಯ ಬಾಗಿಲನ್ನು ಅಂಗೈಯಲ್ಲಿ ಬಡಿಯುವವರು ಒಳ್ಳೆಯ ಸುದ್ದಿ ತರುವುದಿಲ್ಲ. ಅಮ್ಮ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತಾ ಹೋಗಿ ಬಾಗಿಲು ತೆಗೆದಳು.

ಕೆಳಗಿನ ಮಹಡಿಯ ಪಾರ್ಲರಿನವಳು ನಿಂತಿದ್ದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಸೊಂಟದ ಮೇಲೆ. ಅವಳ ಕಣ್ಣು ಒಳಗೆ ಹೋಗಿ, ಬೆಡ್‌ಶೀಟು ಹಿಡಿದು ಇಣುಕುತ್ತಿದ್ದ ಪುಟ್ಟಿಯ ಮೇಲೆ ನಿಂತಿತು.

“ನೋಡಿ, ನೋಡಿ! ಇಲ್ಲಿ ಬಟ್ಟೆ ಹಿಂಡ್ತಾಳೆ. ಫೋನಲ್ಲಿ ನೋಡಿದ್ರೆ ಐಸಿಯುನಲ್ಲಿ ಕೊನೇ ಉಸಿರು ಎಳೀತಿದಾಳೆ!” ಎಂದು ಫೋನನ್ನು ಅಮ್ಮನ ಮೂಗಿನ ಹತ್ತಿರ ಹಿಡಿದಳು.

ಅದೇ ಫೋಟೋ. ಒಂದು ವಾರದಿಂದ ಊರೆಲ್ಲರ ಫೋನಿನಲ್ಲಿ ಹರಿದಾಡುತ್ತಿದ್ದ ಫೋಟೋ. ಬೋಳುತಲೆ, ಮುಚ್ಚಿದ ಕಣ್ಣು, ಮೂಗಿಗೊಂದು ಕೊಳವೆ. ಕೆಳಗೆ ಕೆಂಪಕ್ಷರ: ‘ಈ ಕಂದನಿಗೆ ಇಂದು ಸಂಜೆಯೊಳಗೆ ಆಪರೇಷನ್ ಆಗದಿದ್ದರೆ...’

ಮುಖ ಪುಟ್ಟಿಯದು. ಕಾಯಿಲೆ ಮಾತ್ರ ಯಾರೋ ಕಟ್ಟಿದ ಕತೆ.

“ಅಕ್ಕಾ, ನಿಮಗೆ ನಾನು ಮೊನ್ನೇನೇ ಹೇಳಿದೀನಿ. ಇದು ಮೋಸ. ನಮಗೂ ಇದಕ್ಕೂ...”

“ನನಗೆ ಹೇಳಬೇಡಿ ಕನ್ನಡಕದಕ್ಕಾ, ಪೊಲೀಸ್ ಮೇಡಂಗೆ ಹೇಳಿ. ನಿನ್ನೆ ಕಂಪ್ಲೇಂಟ್ ಕೊಟ್ಟಾಯ್ತು. ನಿಮ್ಮ ಹೆಸರೇ ಬರೆಸಿದೀನಿ, ಮುಚ್ಚುಮರೆ ಇಲ್ಲ. ಸಂಜೆ ಅವರೇ ಇಲ್ಲಿಗೆ ಬರ್ತಾರೆ. ನಾನೊಬ್ಬಳೇ ದುಡ್ಡು ಕೊಟ್ಟಿದ್ರೆ ಹಾಳಾಗಿ ಹೋಗ್ಲಿ ಅನ್ನಬಹುದಿತ್ತು. ಹುಬ್ಬು ತಿದ್ದಿಸೋಕೆ ಬಂದೋರ ಹತ್ರ ಎಲ್ಲ ಕೈಚಾಚಿ ಕೇಳಿ ಹಾಕಿಸಿದೀನಿ. ಈಗ ಅವರೆಲ್ಲ ನನ್ನ ಮುಖ ನೋಡಿ ನಗ್ತಾರೆ!”

ಅಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಊರಿನ ಅರ್ಧ ಜನರ ಮೂಗಿನ ಮೇಲೆ ಅವಳ ಕೈಕೆಲಸ ಕೂತಿತ್ತು. ಆ ಜನರೇ ಈಗ ‘ಹೆತ್ತ ಮಗಳನ್ನೇ ತೋರಿಸಿ ತಿರುಪೆ ಎತ್ತಿದಳು’ ಎನ್ನುತ್ತಿದ್ದರು. ಶಾಲೆಯವರು ‘ಎಲ್ಲ ತಿಳಿಯಾಗುವವರೆಗೆ ಮಗುವನ್ನು ಕಳಿಸಬೇಡಿ’ ಎಂದುಬಿಟ್ಟಿದ್ದರು. ಸಂಜೆಯೊಳಗೆ ನಿಜ ಸಿಗದಿದ್ದರೆ ಪೊಲೀಸ್ ಕಾಗದದಲ್ಲಿ ಅವಳ ಹೆಸರು ಕಳ್ಳಿಯ ಜಾಗದಲ್ಲಿ ಕೂರುತ್ತದೆ.

“ಮಗುಗೆ ಹೀಗಾಗಿದೆ ಅಂತ ಗೊತ್ತಾದ ಮೇಲೆ ಒಂದು ಸಲ ಮೇಲೆ ಬಂದು ಕೇಳಬಹುದಿತ್ತಲ್ಲಾ ಅಕ್ಕಾ? ಮೆಟ್ಟಿಲು ಹತ್ತಿದ್ರೆ ಸಾಕಿತ್ತು.”

ಪಾರ್ಲರಿನವಳು ಫೋನಿನ ಮೇಲೆ ಬೆರಳಿಟ್ಟಳು. “ಹೇಗ್ರೀ ಕೇಳೋದು? ಇಲ್ಲೇ ಬರೆದಿದೆ ನೋಡಿ. ‘ಹೆತ್ತವರು ಸ್ವಾಭಿಮಾನಿಗಳು, ಬಾಯಿಬಿಟ್ಟು ಕೇಳುವವರಲ್ಲ. ದಯವಿಟ್ಟು ಅವರನ್ನು ವಿಚಾರಿಸಿ ನೋಯಿಸಬೇಡಿ.’ ನಾನು ಅಂದ್ಕೊಂಡೆ, ಪಾಪ, ಮರ್ಯಾದಸ್ಥರು, ಗುಟ್ಟಾಗಿ ನರಳ್ತಿದಾರೆ ಅಂತ. ಮೇಲಾಗಿ ತಲೆ ಯಾಕೆ ಬೋಳಿಸಿದ್ರಿ ಅಂದಾಗ ನೀವೇ ‘ಸೆಖೆಗೆ’ ಅಂತ ಮುಖ ತಿರುಗಿಸಿದ್ರಿ. ಯಾವ ಸೆಖೆರೀ? ನಾವೆಲ್ಲ ಸ್ವೆಟರ್ ಹಾಕ್ಕೊಂಡು ಓಡಾಡ್ತಿದ್ವಿ.”

ಪುಟ್ಟಿಯ ತಲೆಯಲ್ಲಿ ಹೇನು ಬಿದ್ದಿತ್ತು. ಬಾಚಿ ಬಾಚಿ ಸೋತು ಅಮ್ಮ ಬೋಳಿಸಿಬಿಟ್ಟಿದ್ದಳು. ಹೇನು ಎನ್ನಲು ನಾಚಿಕೆಯಾಗಿ ಸೆಖೆ ಎಂದಿದ್ದಳು. ಆ ಪುಟ್ಟ ಸುಳ್ಳಿನ ಬಿರುಕಿನಲ್ಲಿ ಯಾರೋ ಬೆಟ್ಟದಂಥ ಸುಳ್ಳನ್ನು ತೂರಿಸಿದ್ದರು.

“ಹೇನು ಅಕ್ಕಾ,” ಎಂದಳು, ತಲೆಯೆತ್ತಿ. “ಹೇನು ಬಿದ್ದಿತ್ತು. ಸಾಕಾ?”

ಪಾರ್ಲರಿನವಳ ಕೈ ತನಗರಿವಿಲ್ಲದೆ ತನ್ನ ಜಡೆಯ ಮೇಲೆ ಹೋಯಿತು. ಅಷ್ಟರಲ್ಲಿ ಅವಳ ಫೋನು ಮೊಳಗಿತು. ಗುರುತಿಲ್ಲದ ನಂಬರು. ಎತ್ತಿದಳು. ಅತ್ತ ಕಡೆಯ ದನಿ ಎಷ್ಟು ಜೋರಾಗಿತ್ತೆಂದರೆ ಎದುರಿಗಿದ್ದ ಅಮ್ಮನಿಗೂ ಕೇಳುತ್ತಿತ್ತು.

“ನಮಸ್ಕಾರ ಮೇಡಂ, ವಂಚನೆ ಪರಿಹಾರ ವಿಭಾಗದಿಂದ. ಮಗುವಿನ ಆಪರೇಷನ್ನಿಗೆ ಕಳಿಸಿ ಮೋಸ ಹೋಗಿದೀರಲ್ಲಾ, ನಿಮ್ಮ ಹಣ ವಾಪಸ್ ಬರ್ತಿದೆ. ಈಗ ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿರುತ್ತೆ. ಅದನ್ನ ಓದಿ ಹೇಳ್ತೀರಾ? ಬೇಗ ಮೇಡಂ, ಸಮಯ ಮೀರುತ್ತೆ.”

“ಬಂತು, ಬಂತು,” ಎಂದು ಪಾರ್ಲರಿನವಳು ಕಣ್ಣರಳಿಸಿ ಅಂಕಿ ಓದಲು ಬಾಯಿ ತೆರೆದಳು.

ಅಮ್ಮ ಫೋನು ಕಿತ್ತುಕೊಂಡಳು. “ಯಾವ ಆಫೀಸು? ನಿಮ್ಮ ಸಾಹೇಬರು ಯಾರು? ಈ ಅಕ್ಕ ಕಂಪ್ಲೇಂಟ್ ಕೊಟ್ಟಿದ್ದು ಯಾವ ಸ್ಟೇಷನ್ನಿನಲ್ಲಿ, ಅದನ್ನಾದ್ರೂ ಹೇಳಪ್ಪಾ.”

ಅತ್ತ ಕಡೆಯವನು ಕರೆ ಕಡಿದ.

“ಅಯ್ಯೋ, ಬರೋ ದುಡ್ಡಿಗೆ ಕಲ್ಲು ಹಾಕಿದ್ರಲ್ರೀ!”

“ಬರೋದಲ್ಲ, ಉಳಿದಿದ್ದೂ ಹೋಗ್ತಿತ್ತು. ದುಡ್ಡು ನಮಗೆ ಬರೋದಕ್ಕೆ ನಮ್ಮ ಗುಟ್ಟಿನ ನಂಬರ್ ಯಾಕಕ್ಕಾ ಬೇಕು? ತೆಗೆಯೋದಕ್ಕೇ ಬೇಕು. ನೀವು ಮೋಸ ಹೋದ್ರಿ ಅಂತ ಆ ಗಂಡಸಿಗೆ ಹೇಗೆ ಗೊತ್ತಾಯ್ತು? ಪೊಲೀಸರಿಗೆ ಗೊತ್ತು, ನಿಮಗೆ ಗೊತ್ತು. ಇನ್ನು ಗೊತ್ತಿರೋನು ಮೋಸ ಮಾಡಿದೋನು, ಇಲ್ಲಾ ಅವನ ಜೊತೆಗಾರ. ಕಚ್ಚಿದ ಹಾವೇ ಗಾರುಡಿಗನ ವೇಷ ಹಾಕ್ಕೊಂಡು ಬಂದಿದೆ!”

ಪಾರ್ಲರಿನವಳ ಸಿಟ್ಟಿನ ಗಾಳಿ ಇಳಿದಿತ್ತು, ಪೂರ್ತಿ ಇಳಿದಿರಲಿಲ್ಲ.

ಒಳಗಿನಿಂದ ಪುಟ್ಟಿಯ ಅಪ್ಪ ಬಂದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಹಲ್ಲು ಕಡಿಯುತ್ತಾ. “ಬೆಳಗ್ಗೆ ಬೆಳಗ್ಗೆ ಏನ್ರೀ ಇದು ರಂಪ? ನನ್ನ ಹೆಂಡತಿ ಕಳ್ಳಿನಾ? ಆ ಫೋಟೋ ಹಾಕಿದೋನು ನನ್ನ ಕೈಗೆ ಸಿಗ್ಲಿ, ಚರ್ಮ ಸುಲಿದು ಚಪ್ಪಲಿ ಹೊಲಿಸ್ತೀನಿ.”

“ರೀ, ಮೆಲ್ಲಗೆ. ಮಗು ಇದೆ.”

ಅವನು ಫ್ಲೆಕ್ಸ್ ಬ್ಯಾನರ್ ಅಂಗಡಿಯಲ್ಲಿ ಡಿಸೈನು ಮಾಡುತ್ತಿದ್ದ. ಹುಟ್ಟುಹಬ್ಬದವರ ಮುಖದ ಹಿಂದೆ ಗುಲಾಬಿ, ತೀರಿಕೊಂಡವರ ಮುಖದ ಹಿಂದೆ ಮೋಡ. ಬಗ್ಗಿ ಪಾರ್ಲರಿನವಳ ಫೋನಿನಲ್ಲಿ ಫೋಟೋ ನೋಡಿ ತುಟಿ ಸೊಟ್ಟ ಮಾಡಿದ.

“ಥೂ! ಆಸ್ಪತ್ರೆ ಬೇರೆ ಕಡೆಯಿಂದ ತಂದು ಅಂಟಿಸಿದಾನೆ. ಬೋಳುತಲೆ ಅಲ್ವಾ, ಕತ್ತರಿಸೋಕೆ ಸಲೀಸು. ಕೂದಲಿದ್ದಿದ್ರೆ ಬೆವರು ಇಳೀತಿತ್ತು ಮಗನಿಗೆ.”

ಪುಟ್ಟಿ ಬಚ್ಚಲ ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು. “ಅಪ್ಪಾ...” ಎಂದಳು.

“ಸಂಜೆ ಹೇಳು ಪುಟ್ಟಿ, ಲೇಟಾಯ್ತು.” ಚಿಗುರುತ್ತಿದ್ದ ಅವಳ ತಲೆಯ ಮೇಲೆ ಅಂಗೈ ಉಜ್ಜಿ, ಚಪ್ಪಲಿ ಮೆಟ್ಟಿ ಇಳಿದುಹೋದ.

“ಅಕ್ಕಾ, ಈ ಫೋನು ಸ್ವಲ್ಪ ಹೊತ್ತು ನನ್ನ ಹತ್ರ ಇರ್ಲಿ,” ಎಂದಳು ಅಮ್ಮ. “ನಿಮ್ಮೆದುರಿಗೇ ನೋಡ್ತೀನಿ. ಕೂತ್ಕೊಳ್ಳಿ.”

ಇದುವರೆಗೆ ಅವಳು ನೋಡಿದ್ದು ಕೈಯಿಂದ ಕೈಗೆ ಹೋಗಿ ಸವೆದು ಮಸುಕಾದ ಪ್ರತಿಗಳನ್ನು. ಅವನ್ನೂ ಸರಿಯಾಗಿ ನೋಡಿರಲಿಲ್ಲ. ಮಗಳ ಆ ಮುಖ ಕಂಡ ಕೂಡಲೇ ಕಣ್ಣು ತಿರುಗಿಸುತ್ತಿದ್ದಳು. ಪಾರ್ಲರಿನವಳು ಹಣ ಹಾಕುವ ಪುಟದಿಂದಲೇ ಫೋಟೋ ಇಳಿಸಿಕೊಂಡಿದ್ದಳು. ಈ ಪ್ರತಿ ಸ್ಪಷ್ಟವಾಗಿತ್ತು. ಅಮ್ಮ ಅಂಗಡಿಯ ಚೀಲದಿಂದ ಭೂತಗನ್ನಡಿ ತೆಗೆದು ಕಿಟಕಿಯ ಬಳಿ ಕೂತಳು. ಈಗ ಇದು ಮಗಳ ಮುಖವಲ್ಲ, ಯಾರೋ ರಿಪೇರಿಗೆ ತಂದ ಸಾಮಾನು ಎಂದು ಮನಸ್ಸಿಗೆ ಹೇಳಿಕೊಂಡಳು.

ಹಿಂದಿದ್ದ ಯಂತ್ರಗಳು, ಪರದೆ ಎಲ್ಲ ಬೇರೆ ಯಾವುದೋ ಆಸ್ಪತ್ರೆಯವು. ದಿಂಬು ಮಾತ್ರ ಮೂಲ ಫೋಟೋದ್ದೇ. ದಿಂಬಿನ ಅಂಚಿನಲ್ಲಿ ಮಡಚಿಟ್ಟ ಪುಟ್ಟ ಕನ್ನಡಕ ಬಿದ್ದಿತ್ತು. ಕತ್ತರಿಸಿದವನು ಅದನ್ನು ಗಮನಿಸಿರಲಿಲ್ಲ.

ಅಮ್ಮನ ಬೆನ್ನು ನೆಟ್ಟಗಾಯಿತು.

“ಪುಟ್ಟಿ, ಬಾ ಇಲ್ಲಿ.” ಮಗಳ ಮೂಗಿನ ಮೇಲಿದ್ದ ಕನ್ನಡಕ ತೆಗೆದು ಫೋಟೋದ ಪಕ್ಕ ಹಿಡಿದಳು. ಪುಟ್ಟಿಯ ಕನ್ನಡಕಕ್ಕೆ ಒಂದು ಕಡ್ಡಿ ಕಂದು, ಒಂದು ಕಡ್ಡಿ ನೀಲಿ. ಶಾಲೆಯಲ್ಲಿ ಅದರ ಮೇಲೆ ಕೂತು ಮುರಿದುಕೊಂಡು ಬಂದಾಗ ಅಂಗಡಿಯಲ್ಲಿ ಉಳಿದಿದ್ದ ನೀಲಿ ಕಡ್ಡಿಯನ್ನು ಅಮ್ಮನೇ ಜೋಡಿಸಿದ್ದಳು. ಫೋಟೋದ ಕನ್ನಡಕದ ಕಡ್ಡಿಗಳು ಎರಡೂ ಕಂದು.

“ಕಡ್ಡಿ ಮುರಿದಿದ್ದು ಈ ಫೋಟೋ ಹರಡೋಕೆ ಮುಂಚಿನ ಸೋಮವಾರ,” ಎಂದಳು, ಪಾರ್ಲರಿನವಳಿಗೋ ತನಗೋ. “ತಲೆ ಬೋಳಿಸಿದ್ದು ಅದರ ಹಿಂದಿನ ಶನಿವಾರ, ಕತ್ತಲಾದ ಮೇಲೆ. ಫೋಟೋದಲ್ಲಿ ತಲೆ ಬೋಳು, ಕಡ್ಡಿ ಗಟ್ಟಿ. ಮುಖದ ಮೇಲೆ ಬಿಸಿಲು ಬಿದ್ದಿದೆ. ಅಂದ್ರೆ ತೆಗೆದಿದ್ದು ನಡುವಿನ ಭಾನುವಾರ.”

“ಭಾನುವಾರ ನೀವು ಮನೇಲಿರಲಿಲ್ವಾ?”

“ಅಂಗಡಿಯೋರು ಕಣ್ಣು ತಪಾಸಣೆ ಇಟ್ಟಿದ್ರು. ಬೆಳಗ್ಗೆ ಹೋದೋಳು ದೀಪ ಹಚ್ಚೋ ಹೊತ್ತಿಗೆ ಬಂದೆ.”

ಭೂತಗನ್ನಡಿ ಮೂಗಿನ ಕೊಳವೆಯ ಮೇಲೆ ನಿಂತಿತು. ಆಸ್ಪತ್ರೆಯ ಕೊಳವೆ ಇಷ್ಟು ಹಳೆಯದಿರುತ್ತದೆಯೇ? ಒಳಗೆಲ್ಲ ತೆಳು ಹಸಿರು. ಪಾಚಿ. ನಡುವೆ ಗಾಳಿ ಹೆಚ್ಚುಕಮ್ಮಿ ಮಾಡುವ ನೀಲಿ ತಿರುಪು. ಇದನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲೋ ಅಲ್ಲ, ಎದುರುಗಡೆಯೇ.

ಎದುರುಮನೆಯ ಡ್ರಾಯಿಂಗ್ ಮೇಷ್ಟ್ರ ಮೀನಿನ ತೊಟ್ಟಿ!

ಕಟ್ಟಡದ ಗ್ರೂಪಿಗೆ ಈ ಮನವಿಯನ್ನು ಮೊಟ್ಟಮೊದಲು ಹಾಕಿದವರೂ ಅವರೇ. ಗುಟ್ಟು ಬಯಲಾದ ಮೇಲೆ ಅದನ್ನು ಅಳಿಸಿ, ಬಾಗಿಲು ಹಾಕಿಕೊಂಡು ಕೂತಿದ್ದರು.

“ಮೇಷ್ಟ್ರ ಪೈಪು!” ಎನ್ನುತ್ತಾ ಅಮ್ಮ ಎದ್ದಳು. ಪುಟ್ಟಿ ಸೆರಗು ಹಿಡಿದಳು. “ಅಮ್ಮಾ, ಮೇಷ್ಟ್ರು ತಾತನ್ನ ಬೈಬೇಡ. ನಾನು ಒಂದು...”

“ನೀನು ಆಂಟಿ ಜೊತೆ ಇಲ್ಲೇ ಇರು ಬಂಗಾರಿ.”

ಮೇಷ್ಟ್ರು ಬಾಗಿಲು ತೆಗೆದಾಗ ಅವರ ಕೈಯಲ್ಲಿ ಮೀನಿನ ಆಹಾರದ ಡಬ್ಬಿ ಇತ್ತು. ಅವಳನ್ನು ಕಂಡು ಅದನ್ನು ಎದೆಗೆ ಒತ್ತಿಕೊಂಡರು. ಅಮ್ಮ ಮಾತಾಡದೆ ನೇರ ಮೂಲೆಯ ತೊಟ್ಟಿಯ ಹತ್ತಿರ ಹೋದಳು. ಗುಳುಗುಳು ಗುಳ್ಳೆಗಳು. ಪಂಪಿನಿಂದ ನೀರಿಗಿಳಿದ ಪೈಪು ಗಾಜಿನಷ್ಟು ಸ್ವಚ್ಛ, ಹೊಚ್ಚಹೊಸದು.

“ಹಳೇ ಪೈಪು ಎಲ್ಲಿ ಮೇಷ್ಟ್ರೇ?”

“ಪೈಪಾ? ಅದ್ಯಾಕಮ್ಮಾ ಈಗ?”

“ನನ್ನ ಮಗಳ ಮೂಗಲ್ಲಿ ಇದೆ, ಅದಕ್ಕೇ.” ಫೋಟೋ ತೋರಿಸಿದಳು. “ಪಾಚಿ ನೋಡಿ. ನೀಲಿ ತಿರುಪು ನೋಡಿ. ನಿಮ್ಮ ಮೀನು ಉಸಿರಾಡಿದ ಪೈಪಲ್ಲಿ ನನ್ನ ಮಗಳು ಉಸಿರಾಡ್ತಿದಾಳೆ!”

ಮೇಷ್ಟ್ರ ಕೈಯಿಂದ ಡಬ್ಬಿ ಜಾರಿತು. ಕಾಳುಗಳು ನೆಲದ ತುಂಬ ಚೆಲ್ಲಿದವು.

“ತಾಯಿ, ನನ್ನ ಮೇಲೆ ಅನುಮಾನಾನಾ? ನಾನೇ ದುಡ್ಡು ಕಳಿಸಿದೀನಮ್ಮಾ. ಪಿಂಚಣಿ ಬಂದ ದಿನಾನೇ ಹಾಕಿದೆ. ನನ್ನ ಜೊತೆ ಪಾಠ ಮಾಡಿದೋರ ಗ್ರೂಪಿನಲ್ಲಿ ಬಂತು. ಫೋಟೋ ನೋಡಿ ಕಣ್ಣು ತುಂಬಿಬಂತು. ಕಳಿಸಿಬಿಟ್ಟೆ.”

“ಪುಟ್ಟಿ ಅಂತ ಗೊತ್ತಾಯ್ತಾ?”

“ಗೊತ್ತಾಗದೆ ಏನು? ದಿನಾ ಬಂದು ಮೀನಿಗೆ ಹೆಸರಿಡೋ ಮಗು.”

“ಮತ್ತೆ ಆ ದಿನಾನೂ ಬಂದಿರಬೇಕಲ್ಲಾ? ಐಸಿಯುನಿಂದ ಎದ್ದು ಬಂದು ಮೀನಿಗೆ ಹೆಸರಿಟ್ಲಾ?”

ಮೇಷ್ಟ್ರು ತಲೆ ತಗ್ಗಿಸಿದರು. “ಬಂದಿದ್ಲು. ಆಡ್ತಿದ್ಲು. ಒಳಗೊಳಗೇ ಕಾಯಿಲೆ ಇರಬಹುದು, ಆಸ್ಪತ್ರೆಗೆ ಹೋಗಿ ಬಂದು ಮಾಡ್ತಿರಬಹುದು ಅಂದ್ಕೊಂಡೆ. ಎರಡು ಚಾಕಲೇಟು ಜಾಸ್ತಿ ಕೊಟ್ಟೆ.”

ಅಮ್ಮನಿಗೆ ನಗು ಬರಬೇಕಿತ್ತು. ಬೆಂಕಿ ಬಂತು.

“ಕಣ್ಣೆದುರಿಗಿರೋ ಮಗು ಕುಣೀತಿದೆ, ಫೋನಲ್ಲಿರೋ ಮಗು ಸಾಯ್ತಿದೆ. ನೀವು ನಂಬಿದ್ದು ಫೋನನ್ನ! ಎದುರುಮನೆ ಬಾಗಿಲು ತಟ್ಟಿ ‘ಏನಮ್ಮಾ, ಮಗು ಹೇಗಿದೆ’ ಅನ್ನೋಕೆ ಸಂಕೋಚ. ಮುಖ ನೋಡದವನ ಖಾತೆಗೆ ದುಡ್ಡು ಹಾಕೋಕೆ ಸಂಕೋಚ ಇಲ್ಲ. ಅಷ್ಟೂ ಸಾಲದು ಅಂತ ಗ್ರೂಪಿಗೆ ಬೇರೆ ಹಾಕಿದ್ರಿ!”

“ಹತ್ತು ಜನಕ್ಕೆ ತಲುಪಿಸಿ ಅಂತ ಬರೆದಿತ್ತಮ್ಮಾ...”

“ಬರೆದಿತ್ತು! ಬೆಂಕಿ ಹಚ್ಚು ಅಂತ ಬರೆದಿದ್ರೆ ಹಚ್ತಿದ್ರಾ? ಓದಿ ಇದನ್ನ, ನನ್ನೆದುರಿಗೆ ಓದಿ. ಆಸ್ಪತ್ರೆ ಹೆಸರಿದೆಯಾ?”

“ಇಲ್ಲ.”

“ಡಾಕ್ಟರ್ ಹೆಸರು?”

“ಇಲ್ಲಮ್ಮಾ.”

“ದುಡ್ಡು ಹೋಗೋ ಖಾತೆ ಯಾರದ್ದು? ನಮ್ಮ ಮನೇಲಿ ಆ ಹೆಸರಿನೋರು ಯಾರಿದಾರೆ? ‘ಇಂದು ಸಂಜೆಯೊಳಗೆ’ ಅಂತಿದೆ. ಯಾವ ಇಂದು ಮೇಷ್ಟ್ರೇ? ವಾರದಿಂದ ದಿನಾ ಇಂದೇ! ಅವಸರ ಮಾಡೋದು ಯಾಕೆ ಗೊತ್ತಾ? ಯೋಚನೆ ಮಾಡಿದ್ರೆ ನೀವು ಬಾಗಿಲು ತಟ್ತೀರಿ ಅಂತ. ವಿಚಾರಿಸಿ ನೋಯಿಸಬೇಡಿ ಅಂತ ಬರೆದಿದ್ದೂ ಅದಕ್ಕೇ. ನಿಮ್ಮ ಒಳ್ಳೇತನಕ್ಕೆ ಹಗ್ಗ ಕಟ್ಟಿ ಎಳ್ಕೊಂಡು ಹೋಗಿದಾರೆ.”

ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದರು. ಅದೂ ಅವಳೇ ಕೂರಿಸಿಕೊಟ್ಟ ಗಾಜು. ಒರೆಸಿಕೊಂಡಿದ್ದು ಗಾಜನ್ನಲ್ಲ, ಕಣ್ಣನ್ನು.

ಅವಳ ದನಿ ತಗ್ಗಿತು. ಪಕ್ಕದ ಸ್ಟೂಲಿನ ಮೇಲೆ ಕೂತಳು. “ಮೋಸ ಹೋಗಿದ್ದು ತಪ್ಪಲ್ಲ ಮೇಷ್ಟ್ರೇ. ಅದು ನಿಮಗೆ ಎಲ್ಲಿಂದ ಬಂತು ಅಂತ ಒಂದು ಮಾತೂ ಹೇಳದೆ ಬಾಗಿಲು ಹಾಕ್ಕೊಂಡ್ರಲ್ಲ, ಅದು ನನ್ನ ಎದೆಗೆ ಚುಚ್ತು. ಪೈಪು ಏನಾಯ್ತು?”

“ಬದಲಾಯಿಸಿ ಹಳೇದನ್ನ ಕಸದ ಬುಟ್ಟಿ ಹತ್ರ ಇಟ್ಟಿದ್ದೆ. ಭಾನುವಾರ. ಪುಟ್ಟಿನೇ ಬಂದು ಕೇಳಿ ತಗೊಂಡು ಹೋದ್ಲು. ಯಾಕಮ್ಮಾ ಅಂದೆ. ಮನೇಲಿ ಕೇಳಿದ್ರು ಅಂದ್ಲು.”

“ಮನೇಲಿ ಯಾರು ಕೇಳಿದ್ರು?”

“ಅದನ್ನ ನಾನು ಕೇಳ್ಲಿಲ್ಲ ತಾಯಿ,” ಎಂದರು ಮೇಷ್ಟ್ರು. “ನಾನು ಯಾವುದನ್ನ ತಾನೇ ಕೇಳಿದೀನಿ?”

ಅಮ್ಮ ಹೊರಗೆ ಬಂದು ಎರಡು ಬಾಗಿಲುಗಳ ನಡುವಿನ ಜಾಗದಲ್ಲಿ ನಿಂತಳು. ಭಾನುವಾರ ಮನೆಯಲ್ಲಿ ಇದ್ದವರು ಯಾರು? ಗಂಡ ಇದ್ದ. ಆದರೆ ಅವನ ತಮ್ಮನೂ ಬಂದಿದ್ದ.

ಮೈದುನ! ಸೋಫಾದ ಮೇಲೆ ಕಾಲು ಚಾಚಿ, ಫೋನು ಬಿಟ್ಟರೆ ಲೋಕವಿಲ್ಲ ಎನ್ನುವಂತೆ ಕೂರುವವನು. ತಿಂಗಳಿಗೊಂದು ಕೆಲಸ, ವಾರಕ್ಕೊಂದು ಹೊಸ ಯೋಜನೆ. ಈ ಗಲಾಟೆ ಎದ್ದ ಮೇಲೆ ಒಂದು ಸಲವೂ ಇತ್ತ ತಲೆ ಹಾಕಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ. ಮನೆಯ ಗುಟ್ಟು ಗೊತ್ತಿದ್ದವನು. ಅತ್ತಿಗೆ ಹೇನಿಗೆ ಸೆಖೆ ಎಂದು ಹೇಳಿದ್ದೂ, ಈ ಕಟ್ಟಡದವರು ಬಾಯಿಬಿಟ್ಟು ಕೇಳುವವರಲ್ಲ ಎಂದೂ ಗೊತ್ತಿದ್ದವನು.

ಸಿಟ್ಟಿನ ಜೊತೆಗೇ ಅವಳಿಗೆ ಒಂದು ಬಗೆಯ ಸಮಾಧಾನವೂ ಆಯಿತು. ಕಳ್ಳ ಸಿಕ್ಕ. ಮನೆಗೆ ಹತ್ತಿರದವನೇ, ನಿಜ. ಆದರೂ ಮನೆಯ ಒಳಗಿನವನಲ್ಲ. ತಮ್ಮ ಹೀಗೆ ಮಾಡಿದ ಎಂದರೆ ಅವರು ಹೇಗೆ ತಡೆದುಕೊಳ್ಳುತ್ತಾರೋ ಎಂದು ಗಂಡನ ಬಗ್ಗೆ ಮರುಗುತ್ತಲೇ ಒಳಗೆ ಬಂದಳು.

ಪಾರ್ಲರಿನವಳು ಫೋನು ಇಸಿದುಕೊಂಡು, ಕೆಳಗೆ ಗಿರಾಕಿ ಬಂದಿದ್ದಾರೆಂದು ಹೊರಟಳು. ಬಾಗಿಲಲ್ಲಿ ನಿಂತು ಗೊಣಗಿದಳು. “ಸಂಜೆ ಮೇಡಂ ಬಂದಾಗ ಹೇನಿನ ವಿಷಯ ನಾನೇ ಹೇಳ್ತೀನಿ. ಆ ಓಟಿಪಿ ವಿಷಯಾನೂ. ಹೆಸರು ವಾಪಸ್ ತಗೋತೀನೋ ಇಲ್ವೋ, ಅದು ಕಳ್ಳ ಯಾರು ಅಂತ ಗೊತ್ತಾದ ಮೇಲೆ.”

ಅಮ್ಮ ಮೈದುನನಿಗೆ ಮತ್ತೆ ಮತ್ತೆ ಫೋನು ಹಚ್ಚಿದಳು. ಎತ್ತಲಿಲ್ಲ. ಗಂಡನಿಗೆ ಹಚ್ಚಿದಳು. “ಪೈಪು ಎಲ್ಲಿಂದ ಬಂತು ಅಂತ ಗೊತ್ತಾಯ್ತು ರೀ. ಬೇಗ ಬನ್ನಿ,” ಎಂದಳು. ಅತ್ತ ಕಡೆಯಿಂದ ಗಂಡ, “ಬರ್ತೀನಿ. ಯಾರ ಹತ್ರಾನೂ ಏನೂ ಹೇಳಬೇಡ,” ಎಂದ. ಪಾಪ, ತಮ್ಮನ ಮೇಲೆ ಅವರಿಗೂ ಅನುಮಾನ ಇರಬೇಕು ಎಂದುಕೊಂಡಳು.

ಕೆಲಸ ಯಾರನ್ನೂ ಕಾಯುವುದಿಲ್ಲ. ಬೆಳಗಿನ ಬೆಡ್‌ಶೀಟು ಬಿಸಿಲಿಗೆ ಒಣಗಿ ಗರಿಗರಿಯಾಗಿತ್ತು. ಅಮ್ಮ ಒಂದು ತುದಿ ಹಿಡಿದಳು, ಪುಟ್ಟಿ ಇನ್ನೊಂದು. ಮಡಿಸಲು ಇಬ್ಬರೂ ಎದುರುಬದುರು ನಡೆದು ಬರಬೇಕು, ತುದಿಗೆ ತುದಿ ಸೇರಿಸಬೇಕು, ಮತ್ತೆ ದೂರ ಹೋಗಬೇಕು.

ಮೊದಲ ಸಲ ಹತ್ತಿರ ಬಂದಾಗ ಪುಟ್ಟಿಯ ಕೆಳತುಟಿ ಹಲ್ಲಿನ ನಡುವೆ ಸಿಕ್ಕಿತ್ತು. ಬೆಳಗಿನಿಂದ ಈ ಮಗು ಏನೋ ಕೇಳಬೇಕೆಂದು ಒದ್ದಾಡುತ್ತಿದೆ, ತಾನು ಬಾಯಿ ಮುಚ್ಚಿಸುತ್ತಲೇ ಇದ್ದೇನೆ ಎಂಬುದು ಅಮ್ಮನಿಗೆ ಆಗ ಹೊಳೆಯಿತು. ಕೇಳಬಹುದಿತ್ತಲ್ಲಾ ಎಂದು ಊರಿಗೆಲ್ಲ ಕೂಗಾಡಿ ಬಂದವಳು!

“ಏನೋ ಕೇಳ್ತೀನಿ ಅಂತಿದ್ಯಲ್ಲಾ ಕಂದಾ. ಈಗ ಕೇಳು. ಬೈಯಲ್ಲ.”

“ನಿಜವಾಗ್ಲೂ ಬೈಯಲ್ವಾ?”

“ಇಲ್ಲ. ಭಾನುವಾರ ಪೈಪು ತಗೊಂಡು ಬಾ ಅಂದಿದ್ದು ಚಿಕ್ಕಪ್ಪ ತಾನೇ?”

ಪುಟ್ಟಿ ತಲೆ ಅಡ್ಡಡ್ಡ ಆಡಿಸಿದಳು. “ಚಿಕ್ಕಪ್ಪ ಆವಾಗ್ಲೇ ಹೋಗಿದ್ರು.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟುಗಾಲಿನ ಸದ್ದು. ಸಂಜೆ ಬರಬೇಕಿದ್ದ ಪೊಲೀಸ್ ಮೇಡಂ ಮುಂಚೆಯೇ ಬಂದಿದ್ದರು. ಅವರ ಜೊತೆಗೆ ಅವಳಿಗೆ ಚಿರಪರಿಚಿತವಾದ ಚಪ್ಪಲಿಯ ಸದ್ದು, ಚಿರಪರಿಚಿತವಾದ ದನಿ: “ಹೀಗೆ ಬನ್ನಿ ಮೇಡಂ, ಇನ್ನೊಂದೇ ಮಹಡಿ. ನನ್ನ ಹೆಂಡತಿ ಒಬ್ಬಳೇ ಪಾಪ ಎಷ್ಟೂಂತ ಸಹಿಸ್ತಾಳೆ, ನೀವೇ ಹೇಳಿ.”

ಪುಟ್ಟಿ ಬೆಡ್‌ಶೀಟಿನ ತುದಿಯನ್ನು ಎದೆಗವಚಿಕೊಂಡು ಅಮ್ಮನ ಹತ್ತಿರ ಬಂದಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಗಟ್ಟಿಯಾಗಿಯೇ ಕೇಳಿದಳು.

“‘ನಗಬೇಡ ಪುಟ್ಟಿ, ನೋಡಿದೋರಿಗೆಲ್ಲ ಅಳು ಬರ್ಬೇಕು’ ಅಂತ ಅಪ್ಪ ಯಾಕಮ್ಮಾ ಅಂದಿದ್ದು?”